ಶಿಬ್ಬೊಲೆತ್: ನಾಲಿಗೆಯನ್ನು ಪರೀಕ್ಷೆ ಮಾಡಿದ ಪದ

ಪ್ರಶ್ನೆ: ಒಂದು ಇಂಗ್ಲಿಷ್ ಸಂಪಾದಕೀಯದಲ್ಲಿ, ಅರ್ಥಶಾಸ್ತ್ರದ ಹಳೇ 'ಶಿಬ್ಬೊಲೆತ್'ಗಳನ್ನು ಸರ್ಕಾರಗಳು ಇನ್ನಾದರೂ ಬಿಡಬೇಕು ಎಂಬ ಸಾಲು ಓದಿದೆ. ನಿಘಂಟು ನೋಡಿದರೆ 'ಗುರುತಿನ ಮಾತು, ಪರೀಕ್ಷೆಯ ಪದ' ಎಂದಿತ್ತು. ಆ ಸಾಲಿಗೆ ಅದು ಹೊಂದಲೇ ಇಲ್ಲ. ಆಮೇಲೆ ಒಂದು ಸಂಶೋಧನಾ ಪತ್ರಿಕೆಯ ಜಾಲತಾಣದಲ್ಲಿ 'ಶಿಬ್ಬೊಲೆತ್ ಮೂಲಕ ಲಾಗಿನ್ ಆಗಿ' ಎಂಬ ಗುಂಡಿ ಕಂಡಿತು. ಈ ಪದ ಎಲ್ಲಿಂದ ಬಂತು? ಈ ಮೂರೂ ಒಂದೇ ಪದವೇ? ಕನ್ನಡದಲ್ಲಿ ಇದನ್ನು ಹೇಗೆ ಹೇಳುವುದು?

ಉತ್ತರ: ಹೌದು, ಮೂರೂ ಒಂದೇ ಪದ. ನಿಮ್ಮ ನಿಘಂಟು ತಪ್ಪು ಹೇಳಿಲ್ಲ, ಅರ್ಧ ಹೇಳಿ ನಿಲ್ಲಿಸಿದೆ ಅಷ್ಟೆ. ಈ ಪದವನ್ನು ಅದರ ಕಥೆ ಬಿಟ್ಟು ಅರ್ಥ ಮಾಡಿಕೊಳ್ಳೋಕೆ ಹೋದರೆ ಎಲ್ಲರಿಗೂ ಹೀಗೇ ಆಗುತ್ತದೆ. ಆದ್ದರಿಂದ ಮೊದಲು ಕಥೆಗೇ ಹೋಗೋಣ.

ಇದು ಹೀಬ್ರೂ ಪದ. ಬೈಬಲ್‌ನ ಹಳೇ ಒಡಂಬಡಿಕೆಯಲ್ಲಿ 'ನ್ಯಾಯಸ್ಥಾಪಕರು' ಎಂಬ ಭಾಗವಿದೆ. ಅದರ 12ನೇ ಅಧ್ಯಾಯದಲ್ಲಿ ಇದು ಬರುತ್ತದೆ. ಇಸ್ರೇಲಿನ ಜನರಲ್ಲೇ ಎರಡು ಗುಂಪು. ಯೊರ್ದನ್ ನದಿಯ ಪೂರ್ವ ದಡದಲ್ಲಿ ಗಿಲ್ಯಾದಿನವರು, ಪಶ್ಚಿಮದಲ್ಲಿ ಎಫ್ರಾಯೀಮ್ ಕುಲದವರು. ಗಿಲ್ಯಾದಿನ ನಾಯಕ ಯೆಫ್ತಾಹ ಆಗಷ್ಟೇ ಒಂದು ಯುದ್ಧ ಗೆದ್ದಿದ್ದ. 'ಯುದ್ಧಕ್ಕೆ ನಮ್ಮನ್ನು ಯಾಕೆ ಕರೆಯಲಿಲ್ಲ' ಎಂದು ಎಫ್ರಾಯೀಮಿನವರು ಹೊಳೆ ದಾಟಿ ಜಗಳಕ್ಕೆ ಬಂದರು. ಜಗಳ ಯುದ್ಧವಾಯಿತು. ಎಫ್ರಾಯೀಮಿನವರು ಸೋತರು.

ಸೋತವರು ಊರಿಗೆ ಹೋಗಬೇಕಾದರೆ ಹೊಳೆ ದಾಟಲೇಬೇಕು. ಅಷ್ಟರಲ್ಲಿ ಗಿಲ್ಯಾದಿನವರು ದಾಟುವ ಜಾಗಗಳನ್ನೆಲ್ಲ ಹಿಡಿದುಕೊಂಡು ನಿಂತಿದ್ದರು. ಓಡಿಬಂದವನು 'ದಾಟೋಕೆ ಬಿಡಿ' ಎನ್ನುತ್ತಾನೆ. 'ನೀನು ಎಫ್ರಾಯೀಮಿನವನಾ?' ಎಂದು ಇವರು ಕೇಳುತ್ತಾರೆ. ಅವನು 'ಅಲ್ಲ' ಎನ್ನುತ್ತಾನೆ. ಪ್ರಾಣ ಉಳಿಸಿಕೊಳ್ಳಬೇಕಾದವನು ಇನ್ನೇನು ಹೇಳಿಯಾನು? ಮುಖ ನೋಡಿದರೆ ಗೊತ್ತಾಗುವಂತಿಲ್ಲ. ಎರಡೂ ಕಡೆಯವರು ಒಂದೇ ಮೂಲದವರು, ಒಂದೇ ದೇವರನ್ನು ನಂಬಿದವರು, ಹೆಚ್ಚುಕಡಿಮೆ ಒಂದೇ ಭಾಷೆ ಆಡುವವರು. ಆಗ ಕಾವಲಿನವರು ಹೇಳುತ್ತಾರೆ: 'ಹಾಗಾದರೆ ಶಿಬ್ಬೊಲೆತ್ ಅನ್ನು, ನೋಡೋಣ.'

ಅವನು 'ಸಿಬ್ಬೊಲೆತ್' ಎನ್ನುತ್ತಾನೆ.

ಅಲ್ಲಿಗೆ ಮುಗಿಯಿತು. ಎಫ್ರಾಯೀಮಿನವರ ಆಡುಮಾತಿನಲ್ಲಿ ಆ ಪದದ ಮೊದಲಿಗೆ 'ಶ' ಬರುತ್ತಿರಲಿಲ್ಲ, 'ಸ' ಬರುತ್ತಿತ್ತು. ಬೈಬಲ್ಲಿನ ಲೆಕ್ಕದ ಪ್ರಕಾರ ಆಗ ಸತ್ತ ಎಫ್ರಾಯೀಮಿನವರು 42,000. ಈ ಸಂಖ್ಯೆಯನ್ನು ಇತಿಹಾಸದ ಅಂಕಿಅಂಶ ಎಂದು ಓದುವ ಅಗತ್ಯವಿಲ್ಲ. ಆದರೆ ಕಥೆ ಹೇಳಿದವರಿಗೆ ಅದು ಎಂಥ ದೊಡ್ಡ ಸಾವು ಅನ್ನಿಸಿತ್ತು ಎಂಬುದು ಅದರಿಂದ ಗೊತ್ತಾಗುತ್ತದೆ.

ಸ ಮತ್ತು ಶ ಎರಡನ್ನೂ ಒಮ್ಮೆ ನಿಧಾನವಾಗಿ ಹೇಳಿ ನೋಡಿ. ಸ ಅನ್ನುವಾಗ ನಾಲಿಗೆ ತುದಿ ಮೇಲಿನ ಹಲ್ಲುಗಳ ಹಿಂದೆಯೇ ಇರುತ್ತದೆ. ಶ ಅನ್ನುವಾಗ ಸ್ವಲ್ಪ ಹಿಂದೆ ಸರಿಯುತ್ತದೆ. ಕೂದಲೆಳೆಯಷ್ಟು ಅಂತರ. ಹೊಳೆ ದಂಡೆಯಲ್ಲಿ ಸಾವು ಬದುಕು ನಿಂತಿದ್ದು ಅಷ್ಟರ ಮೇಲೆ. 'ನಾಲಿಗೆ ಕುಲ ಹೇಳುತ್ತೆ' ಎಂಬ ಮಾತು ನಮ್ಮಲ್ಲಿದೆಯಲ್ಲ, ಅದು ಇಲ್ಲಿ ಅಕ್ಷರಶಃ ನಿಜವಾಗಿದೆ.

ಕಥೆ ಬರೆದವನು ಈ ವ್ಯತ್ಯಾಸವನ್ನು ಬರಹದಲ್ಲೂ ತೋರಿಸಿದ್ದಾನೆ. ಗಿಲ್ಯಾದಿನವರ ಪದ 'ಶಿನ್' ಎಂಬ ಹೀಬ್ರೂ ಅಕ್ಷರದಿಂದ ಶುರುವಾಗುತ್ತದೆ, ಎಫ್ರಾಯೀಮಿನವರದು 'ಸಾಮೆಖ್' ಎಂಬ ಅಕ್ಷರದಿಂದ. ಪ್ರಾದೇಶಿಕ ಉಚ್ಚಾರವನ್ನು ಇಷ್ಟು ಸ್ಪಷ್ಟವಾಗಿ ದಾಖಲಿಸಿದ ಅಷ್ಟು ಹಳೆಯ ಬರಹ ಸಿಗುವುದು ಅಪರೂಪ. ಆ ಕಾಲದಲ್ಲಿ ಎರಡೂ ಕಡೆಯವರ ಬಾಯಲ್ಲಿ ನಿಜವಾಗಿ ಯಾವ ಸದ್ದು ಇತ್ತು ಎಂಬುದರ ಬಗ್ಗೆ ಪಂಡಿತರು ಇಂದಿಗೂ ಚರ್ಚೆ ಮಾಡುತ್ತಾರೆ. ಗಿಲ್ಯಾದಿನವರು ಆಡುತ್ತಿದ್ದದ್ದು ಶ ಕೂಡ ಅಲ್ಲ, ಇಂಗ್ಲಿಷಿನ 'ಥಿಂಕ್' ಪದದ ಮೊದಲಿಗೆ ಬರುತ್ತದಲ್ಲ, ಅಂಥ ಹಳೇ ಸದ್ದು ಎಂದು 1942ರಲ್ಲಿ ಇ. ಎ. ಸ್ಪೈಸರ್ ಎಂಬ ವಿದ್ವಾಂಸರು ವಾದಿಸಿದ್ದರು. ನಮ್ಮ ಇವತ್ತಿನ ವಿಷಯಕ್ಕೆ ಆ ಚರ್ಚೆಯಿಂದ ಏನೂ ಬದಲಾಗುವುದಿಲ್ಲ.

ಹಾಗಾದರೆ ಶಿಬ್ಬೊಲೆತ್ ಎಂದರೆ ಏನು? ಹೀಬ್ರೂವಿನಲ್ಲಿ ಅದಕ್ಕೆ ಧಾನ್ಯದ ತೆನೆ ಎಂದರ್ಥ. ಹರಿಯುವ ನೀರು, ಪ್ರವಾಹ ಎಂಬ ಅರ್ಥವೂ ಇದೆ. ನಡೆದದ್ದು ಹೊಳೆ ದಂಡೆಯಲ್ಲಾದ್ದರಿಂದ ಎರಡನೆಯದೇ ಸರಿ ಎನ್ನುವವರಿದ್ದಾರೆ. ಆದರೆ ಕಾವಲಿನವನಿಗೆ ತೆನೆಯೂ ಬೇಕಿರಲಿಲ್ಲ, ನೀರೂ ಬೇಕಿರಲಿಲ್ಲ. ಅವನು ಪದದ ಅರ್ಥ ಕೇಳಲೇ ಇಲ್ಲ. ಅವನಿಗೆ ಬೇಕಿದ್ದದ್ದು ಅದನ್ನು ಆಡುವ ಬಾಯಿ. ಇಡೀ ಉತ್ತರದಲ್ಲಿ ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಎಳೆ ಇದೊಂದೇ: ಶಿಬ್ಬೊಲೆತ್ ಎಂದರೆ, ಏನು ಹೇಳಿದೆ ಎಂಬುದಕ್ಕಿಂತ 'ಹೇಳಿದವನು ನಮ್ಮವನೋ ಹೊರಗಿನವನೋ' ಎಂಬುದನ್ನು ತೋರಿಸುವ ಮಾತು. ಸಂಪಾದಕೀಯದ ಸಾಲಿಗೂ ಲಾಗಿನ್ ಗುಂಡಿಗೂ ಇದೇ ಎಳೆ ತಲುಪುತ್ತದೆ.

ಇದನ್ನು 'ಪಾಸ್‌ವರ್ಡ್' ಎಂದು ಅನುವಾದಿಸುವವರು ತುಂಬಾ ಜನ. ನನಗೆ ಅದು ಸರಿ ಕಾಣುವುದಿಲ್ಲ. ಪಾಸ್‌ವರ್ಡ್ ಒಂದು ಗುಟ್ಟು. ಗೊತ್ತಿದ್ದವನು ಒಳಗೆ, ಗೊತ್ತಿಲ್ಲದವನು ಹೊರಗೆ. ಯಾರಾದರೂ ಕಿವಿಯಲ್ಲಿ ಹೇಳಿಬಿಟ್ಟರೆ ಹೊರಗಿನವನೂ ಒಳಗೆ ಬರುತ್ತಾನೆ. ಶಿಬ್ಬೊಲೆತ್‌ನಲ್ಲಿ ಗುಟ್ಟೇ ಇಲ್ಲ. ಕಾವಲಿನವನೇ ಪದವನ್ನು ಬಾಯಿಬಿಟ್ಟು ಹೇಳಿಕೊಡುತ್ತಾನೆ. ಆದರೂ ಎದುರಿನವನಿಂದ ಆಗುವುದಿಲ್ಲ. ಗೊತ್ತಿದ್ದೂ ಆಗದಿರುವುದೇ ಇದರ ಭಯಂಕರ ಗುಣ.

ಯಾಕೆ ಆಗುವುದಿಲ್ಲ? ಇದಕ್ಕೆ ಒಳ್ಳೆಯ ಉತ್ತರವಿದೆ. ಅದರಲ್ಲಿ ಕನ್ನಡ ಮಾತಾಡುವವರಿಗೆ ತುಂಬಾ ಹತ್ತಿರದ ಒಂದು ಸಂಗತಿಯೂ ಇದೆ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಸಂಶೋಧಕರು ಕೆನಡಾದಲ್ಲಿ ಇಂಗ್ಲಿಷ್ ಮನೆಗಳ ಕೂಸುಗಳ ಮೇಲೆ ಮಾಡಿದ ಪ್ರಯೋಗದ ಫಲ ಪ್ರಕಟಿಸಿದರು. ಅವರು ಬಳಸಿದ ಸದ್ದುಗಳಲ್ಲಿ ಒಂದು ಜೋಡಿ ಹಿಂದಿಯದು: 'ತ' ಮತ್ತು 'ಟ'. ಕೂಸಿಗೆ ಒಂದೇ ಸದ್ದನ್ನು ಮತ್ತೆ ಮತ್ತೆ ಕೇಳಿಸುತ್ತಾರೆ. ಸದ್ದು ಬದಲಾದಾಗ ಕೂಸು ತಲೆ ತಿರುಗಿಸಿದರೆ ಒಂದು ಆಟಿಕೆ ಬೆಳಕು ಬೀರಿ ಕುಣಿಯುತ್ತದೆ. ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವು ತಲೆ ತಿರುಗಿಸಿದವು. ಅಂದರೆ ತ ಬೇರೆ, ಟ ಬೇರೆ ಎಂದು ಅವಕ್ಕೆ ಕೇಳಿಸಿತ್ತು. ಹತ್ತರಿಂದ ಹನ್ನೆರಡು ತಿಂಗಳು ತುಂಬುವ ಹೊತ್ತಿಗೆ, ಅದೇ ಇಂಗ್ಲಿಷ್ ಮನೆಗಳ ಕೂಸುಗಳಲ್ಲಿ ಆ ವ್ಯತ್ಯಾಸ ಗುರುತಿಸಿದವು ತೀರಾ ಕಡಿಮೆ. ಮನೆಯಲ್ಲಿ ಕೇಳದ ಸದ್ದಿನ ಅಂತರವನ್ನು ಕಿವಿ ಬಿಟ್ಟುಕೊಡುತ್ತಾ ಬರುತ್ತದೆ. ಇನ್ನೂ ಸರಿಯಾಗಿ ಮಾತು ಬಾರದ ವಯಸ್ಸು ಅದು!

ಈಗ ಹೊಳೆ ದಂಡೆಯ ಆ ಮನುಷ್ಯನನ್ನು ಮತ್ತೆ ನೆನೆಸಿಕೊಳ್ಳಿ. ಅವನು ಸೋತದ್ದು ಆ ದಿನ ಅಲ್ಲ, ತೊಟ್ಟಿಲಲ್ಲಿದ್ದಾಗಲೇ. ತಾನು ಹೇಳಿದ್ದು ತಪ್ಪು ಎಂದು ಅವನ ಕಿವಿಗೆ ಗೊತ್ತಾಗಿತ್ತೋ ಇಲ್ಲವೋ.

ಅಂದಮೇಲೆ ಇಂಥ ಪರೀಕ್ಷೆ ಬೈಬಲ್ಲಿಗೇ ಮುಗಿದಿರಲು ಸಾಧ್ಯವಿಲ್ಲ, ಅಲ್ವಾ? ಮುಗಿದಿಲ್ಲ. 1282ರಲ್ಲಿ ಸಿಸಿಲಿ ದ್ವೀಪದ ಜನ ತಮ್ಮನ್ನು ಆಳುತ್ತಿದ್ದ ಫ್ರೆಂಚರ ವಿರುದ್ಧ ದಂಗೆ ಎದ್ದಾಗ, ಸಿಕ್ಕವರಿಂದ 'ಚಿಚಿರಿ' ಎಂದು ಹೇಳಿಸಿದರು ಎಂಬ ಪ್ರತೀತಿ ಇದೆ. ಅವರ ಭಾಷೆಯಲ್ಲಿ ಅದು ಕಡಲೆಕಾಳು. ಫ್ರೆಂಚರ ಬಾಯಲ್ಲಿ ಆ 'ಚ' ಹೊರಡುತ್ತಿರಲಿಲ್ಲವಂತೆ. 1302ರಲ್ಲಿ ಇಂದಿನ ಬೆಲ್ಜಿಯಮ್‌ನ ಬ್ರೂಜ್ ಪಟ್ಟಣದಲ್ಲಿ ಅಲ್ಲಿನ ಫ್ಲೆಮಿಶ್ ಜನ ಫ್ರೆಂಚರನ್ನು ಹೀಗೇ ಪತ್ತೆಹಚ್ಚಿದರು ಎಂಬ ಕಥೆಯೂ ಇದೆ. ಇವೆರಡನ್ನೂ ಜನಪದ ನೆನಪು ಎಂದೇ ಇಟ್ಟುಕೊಳ್ಳೋಣ.

ಹತ್ತಿರದ ಕಾಲಕ್ಕೆ ಬಂದರೆ ಎದೆ ಭಾರವಾಗುತ್ತದೆ. 1937ರ ಅಕ್ಟೋಬರ್‌ನಲ್ಲಿ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ರಫಾಯೆಲ್ ಟ್ರುಹಿಯೊನ ಆಜ್ಞೆಯ ಮೇರೆಗೆ ಗಡಿಭಾಗದಲ್ಲಿದ್ದ ಹೈಟಿ ಮೂಲದ ಸಾವಿರಾರು ಜನರನ್ನು ಕೊಲ್ಲಲಾಯಿತು. ಆ ಹತ್ಯಾಕಾಂಡಕ್ಕೆ ಒಂದು ಸೊಪ್ಪಿನ ಹೆಸರು ಬಂದಿದೆ: ಪಾರ್ಸ್ಲಿ ಹತ್ಯಾಕಾಂಡ. ಸೈನಿಕರು ಪಾರ್ಸ್ಲಿಯ ಕಟ್ಟು ಎತ್ತಿ ಹಿಡಿದು 'ಇದೇನು?' ಎಂದು ಕೇಳುತ್ತಿದ್ದರಂತೆ. ಸ್ಪ್ಯಾನಿಶ್‌ನಲ್ಲಿ ಅದಕ್ಕೆ 'ಪೆರೆಹಿಲ್' ಎನ್ನುತ್ತಾರೆ. ಹೈಟಿಯವರ ಮಾತು ಕ್ರಿಯೋಲ್. ಅವರ ಬಾಯಲ್ಲಿ ಸ್ಪ್ಯಾನಿಶ್‌ನ ಆ ರ-ಕಾರ ಹೊರಳುವುದಿಲ್ಲ. ಪ್ರತಿಯೊಬ್ಬರನ್ನೂ ಹೀಗೇ ಪರೀಕ್ಷಿಸಿದರೇ ಎಂಬುದನ್ನು ಇತಿಹಾಸಕಾರರು ಅನುಮಾನಿಸುತ್ತಾರೆ. ಆದರೆ ಕೊಲೆಗಳು ನಡೆದದ್ದು ನಿಜ, ಹೆಸರು ಉಳಿದದ್ದೂ ನಿಜ. ಇತ್ತೀಚೆಗೆ 2022ರಲ್ಲಿ, ಉಕ್ರೇನಿನವರು ರಷ್ಯನ್ನರನ್ನು ಗುರುತಿಸೋಕೆ 'ಪಲ್ಯಾನಿತ್ಸ್ಯ' ಎಂಬ ಪದ ಹೇಳಿಸುತ್ತಿದ್ದ ಸುದ್ದಿ ಎಲ್ಲೆಡೆ ಹಬ್ಬಿತು. ಅದು ಒಂದು ಬಗೆಯ ದುಂಡನೆಯ ಬ್ರೆಡ್ಡಿನ ಹೆಸರು.

ತೆನೆ, ಕಡಲೆ, ಸೊಪ್ಪು, ಬ್ರೆಡ್ಡು. ಗಮನಿಸಿದಿರಾ? ಎಲ್ಲವೂ ದಿನಬಳಕೆಯ, ಯಾರಿಗೂ ಕೇಡು ಮಾಡದ ಪದಗಳು. ಅರ್ಥ ಯಾರಿಗೂ ಬೇಕಿಲ್ಲದ ಕಾರಣ, ಹೊರಗಿನವನ ನಾಲಿಗೆಗೆ ಹೊರಳದ ಸದ್ದಿರುವ ಯಾವ ಪದವಾದರೂ ನಡೆಯುತ್ತದೆ.

ಇನ್ನು ಇದು ಇಂಗ್ಲಿಷಿಗೆ ಬಂದ ದಾರಿ. ಬೈಬಲ್ ಅನುವಾದಗಳ ಜೊತೆಯೇ ಬಂತು. ಅನುವಾದಕರು ಇದನ್ನು 'ತೆನೆ' ಎಂದು ಮಾಡುವಂತಿರಲಿಲ್ಲ. ಮಾಡಿದರೆ ಕಥೆಯೇ ಸತ್ತುಹೋಗುತ್ತಿತ್ತು. ಹೀಗಾಗಿ ಹೀಬ್ರೂ ಪದವನ್ನೇ ಉಳಿಸಿಕೊಂಡರು. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲೂ ಅದು ಹಾಗೇ ಇದೆ. ಕವಿ ಜಾನ್ ಮಿಲ್ಟನ್ 1671ರಲ್ಲಿ ಪ್ರಕಟವಾದ ತನ್ನ 'ಸ್ಯಾಮ್ಸನ್ ಅಗೊನಿಸ್ಟೀಸ್' ಕಾವ್ಯದಲ್ಲಿ ಈ ಪ್ರಸಂಗವನ್ನು ನೆನೆಯುತ್ತಾನೆ.

17ನೇ ಶತಮಾನದ ಇಂಗ್ಲೆಂಡಿನಲ್ಲಿ ಧರ್ಮದ ಪಂಗಡಗಳು, ರಾಜಕೀಯದ ಪಕ್ಷಗಳು ಕಚ್ಚಾಡುತ್ತಿದ್ದವು. ಒಬ್ಬ ಮನುಷ್ಯ ಯಾವ ಕಡೆಯವನು ಎಂದು ತಿಳಿಯಲು ಅವನು ಆಡುವ ಒಂದೆರಡು ಮಾತು ಸಾಕಾಗುತ್ತಿತ್ತು. ಅಂಥ ಮಾತುಗಳನ್ನೂ ಜನ ಶಿಬ್ಬೊಲೆತ್ ಎನ್ನತೊಡಗಿದರು. ಇಲ್ಲಿ ನಾಲಿಗೆಯ ಪರೀಕ್ಷೆ ಹೋಗಿ ನಿಷ್ಠೆಯ ಪರೀಕ್ಷೆ ಬಂತು. ಆದರೆ ಕೆಲಸ ಅದೇ: ನಮ್ಮವನೋ, ಅಲ್ಲವೋ?

ಇಲ್ಲಿಂದ ನಿಮ್ಮ ಸಂಪಾದಕೀಯದ ಅರ್ಥಕ್ಕೆ ಒಂದೇ ಹೆಜ್ಜೆ. ಒಂದು ಪಕ್ಷದವರು ಒಂದು ಮಾತನ್ನು ನಿಷ್ಠೆಯ ಗುರುತಾಗಿ ವರ್ಷಾನುಗಟ್ಟಲೆ ಹೇಳುತ್ತಾ ಬರುತ್ತಾರೆ. ಮೊದಲು ಅದರಲ್ಲಿ ವಿಚಾರ ಇತ್ತು. ಕಾಲ ಬದಲಾಗುತ್ತದೆ, ವಿಚಾರ ಸವೆಯುತ್ತದೆ, ಮಾತು ಮಾತ್ರ ಉಳಿಯುತ್ತದೆ. ಅದು ನಿಜವೇ ಎಂದು ಯಾರೂ ಕೇಳುವುದಿಲ್ಲ. ಹೇಳದಿದ್ದರೆ 'ಇವನು ನಮ್ಮವನಲ್ಲ' ಅಂದುಕೊಳ್ಳುತ್ತಾರಲ್ಲ, ಆ ಹೆದರಿಕೆಗೆ ಹೇಳುತ್ತಾರೆ. 'ತೆರಿಗೆ ಕಡಿಮೆ ಮಾಡಿದರೆ ಎಲ್ಲ ಸರಿಹೋಗುತ್ತದೆ' ಎಂಬುದು ಒಂದು ಗುಂಪಿನ ಶಿಬ್ಬೊಲೆತ್ ಆಗಬಹುದು. 'ಖಾಸಗಿಯವರು ಬಂದರೆ ಎಲ್ಲ ಹಾಳು' ಎಂಬುದು ಇನ್ನೊಂದು ಗುಂಪಿನದು. ಎರಡೂ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಹಾಕದೆ, ಸುಮ್ನೆ ಕಡೆ ತೋರಿಸಲು ಹೇಳಿದಾಗ ಅವು ಶಿಬ್ಬೊಲೆತ್ ಆಗುತ್ತವೆ. ಇಂದಿನ ಪತ್ರಿಕೆಗಳಲ್ಲಿ ಜಾಸ್ತಿ ಕಾಣುವುದು ಈ ಅರ್ಥವೇ. ಹಿಂದೆ 'ಹಳೇ', 'ಸವೆದ', 'ದಣಿದ' ಎಂಬ ಗುಣವಾಚಕ, ಜೊತೆಗೆ 'ಬಿಡು', 'ಪ್ರಶ್ನಿಸು', 'ಮುರಿ' ಎಂಬ ಕ್ರಿಯಾಪದ ಇದ್ದರೆ ಅದು ಇದೇ ಅರ್ಥ ಎಂದು ಕಣ್ಣುಮುಚ್ಚಿ ಹೇಳಬಹುದು.

ನಾಲಿಗೆಯ ಪರೀಕ್ಷೆ ಮತ್ತು ಪಕ್ಷದ ಸವೆದ ಮಾತು, ಇವೆರಡರ ನಡುವೆ ಇನ್ನೊಂದು ಬಳಕೆ ಇದೆ. ಭಾಷೆಯ ಬಗ್ಗೆ ಬರೆಯುವವರು ಇದನ್ನು ತುಂಬಾ ಬಳಸುತ್ತಾರೆ. 1954ರಲ್ಲಿ ಆಲನ್ ರಾಸ್ ಎಂಬ ಭಾಷಾವಿಜ್ಞಾನಿ ಇಂಗ್ಲೆಂಡಿನ ಮೇಲ್ವರ್ಗದವರ ಮಾತು ಹೇಗೆ ಬೇರೆ ಎಂದು ಒಂದು ಲೇಖನ ಬರೆದರು. ಊಟದ ಮೇಜಿನ ಬಟ್ಟೆ ಚೌಕಕ್ಕೆ ಮೇಲ್ವರ್ಗದವರು 'ನ್ಯಾಪ್ಕಿನ್' ಎಂದರೆ, ಅವರಂತೆ ಕಾಣಬೇಕೆಂದು ಬಯಸುವವರು 'ಸರ್ವಿಯೆಟ್' ಎನ್ನುತ್ತಿದ್ದರು. ನಾಜೂಕಾಗಿ ಕೇಳಿಸುವ ಪದ ಆಡಿದವನೇ ಸಿಕ್ಕಿಬೀಳುತ್ತಿದ್ದ! ಇಂಥ ಪದಗಳು ವರ್ಗದ ಶಿಬ್ಬೊಲೆತ್‌ಗಳು. ವ್ಯಾಕರಣದಲ್ಲೂ ಇವೆ. ಇಂಗ್ಲಿಷಿನಲ್ಲಿ 'ಟು' ಮತ್ತು ಕ್ರಿಯಾಪದದ ನಡುವೆ ಬೇರೆ ಪದ ತೂರಿಸಬಾರದು ಎಂಬ ನಿಯಮ ಕೇಳಿರುತ್ತೀರಿ. ತೂರಿಸಿದರೂ ಅರ್ಥ ಕೆಡುವುದಿಲ್ಲ, ಎಷ್ಟೋ ಒಳ್ಳೆಯ ಲೇಖಕರು ತೂರಿಸಿದ್ದಾರೆ. ಆದರೂ ನಿಯಮ ಬದುಕಿದೆ, ಯಾಕೆಂದರೆ ಓದಿಕೊಂಡವನು ಯಾರು ಎಂದು ತೋರಿಸುವ ಕೆಲಸ ಅದು ಮಾಡುತ್ತದೆ.

ಕನ್ನಡದಲ್ಲೇ ನೋಡಿ. 'ಕೇಳಿ' ಅನ್ನುವ ಕಡೆ 'ಕೇಲಿ' ಎಂದರೆ, ಇವರು ಕನ್ನಡವನ್ನು ದೊಡ್ಡವರಾದ ಮೇಲೆ ಕಲಿತವರು ಎಂದು ತಕ್ಷಣ ಗೊತ್ತಾಗುತ್ತದೆ. ನಮ್ಮ 'ಳ' ಹೊರಗಿನವರಿಗೆ ಶಿಬ್ಬೊಲೆತ್. ಇದಕ್ಕಿಂತ ನೋವಿನದು ನಮ್ಮನಮ್ಮಲ್ಲೇ ನಡೆಯುತ್ತದೆ. 'ಹಾಲು' ಎನ್ನಲು 'ಆಲು' ಎಂದವರನ್ನು ನೋಡಿ ನಗುತ್ತೇವೆ. ಅವರು ಹೇಳಿದ್ದು ನಮಗೆ ಪೂರ್ತಿ ಅರ್ಥವಾಗಿರುತ್ತದೆ. ಅರ್ಥವಾಗದೆ ನಗುವುದಲ್ಲ, ಅವರು ಎಲ್ಲಿಂದ ಬಂದವರು ಎಂದು ಗೊತ್ತಾಗಿ ನಗುವುದು. ಇಂಗ್ಲಿಷ್ ಪದಗಳ ಬಗ್ಗೆ ಪಾಠ ಮಾಡುವಾಗ ನಾನು ಈ ಪದಕ್ಕೆ ಈ ಉದಾಹರಣೆಯನ್ನೇ ಕೊಡುತ್ತೇನೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, 'ಸರ್, ನಾನು ತರಗತಿಯಲ್ಲಿ ಬಾಯಿಬಿಡದೆ ಇರೋದು ಅದಕ್ಕೇ' ಎಂದ. ನಿಘಂಟಿನ ಯಾವ ಅರ್ಥವಿವರಣೆಯೂ ಅಷ್ಟು ಚೆನ್ನಾಗಿ ಪದವನ್ನು ಬಿಡಿಸಿ ಹೇಳಿದ್ದು ನನಗೆ ಗೊತ್ತಿಲ್ಲ.

ಲಾಗಿನ್ ಗುಂಡಿಯ ವಿಷಯ ಸುಲಭ. ಅದು ವಿಶ್ವವಿದ್ಯಾಲಯಗಳು, ಗ್ರಂಥಾಲಯಗಳು ಬಳಸುವ ಒಂದು ತಂತ್ರಾಂಶದ ಹೆಸರು. ಅಮೆರಿಕದ ಇಂಟರ್‌ನೆಟ್2 ಎಂಬ ಸಂಸ್ಥೆಯ ಯೋಜನೆಯಾಗಿ ಹುಟ್ಟಿತು. ಮೊದಲ ಆವೃತ್ತಿ 2003ರಲ್ಲಿ ಬಂತು. ಗುಂಡಿ ಒತ್ತಿದರೆ ಪತ್ರಿಕೆಯ ತಾಣ ನಿಮ್ಮ ಪಾಸ್‌ವರ್ಡ್ ಕೇಳುವುದಿಲ್ಲ. ನಿಮ್ಮನ್ನು ನಿಮ್ಮ ವಿಶ್ವವಿದ್ಯಾಲಯದ ಪುಟಕ್ಕೆ ಕಳಿಸುತ್ತದೆ. ನೀವು ಅಲ್ಲಿ ಲಾಗಿನ್ ಆದ ಮೇಲೆ ವಿಶ್ವವಿದ್ಯಾಲಯ 'ಇವರು ನಮ್ಮವರು' ಎಂದು ಪತ್ರಿಕೆಗೆ ಹೇಳುತ್ತದೆ. ಬಾಗಿಲು ತೆರೆಯುತ್ತದೆ. ಹೊಳೆ ದಂಡೆಯ ಅದೇ ಪ್ರಶ್ನೆ, ಇಲ್ಲಿ ಯಾರ ಜೀವಕ್ಕೂ ಅಪಾಯವಿಲ್ಲ.

ಇದೇ ಪದವನ್ನು ಕೊಲಂಬಿಯಾದ ಕಲಾವಿದೆ ಡೋರಿಸ್ ಸಾಲ್ಸೆಡೊ ಕೂಡ ಎತ್ತಿಕೊಂಡರು. 2007ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾಸಂಗ್ರಹಾಲಯದ ಟರ್ಬೈನ್ ಹಾಲ್‌ನಲ್ಲಿ ಅವರು ಗೋಡೆಗೆ ಚಿತ್ರ ಹಾಕಲಿಲ್ಲ, ನೆಲದಲ್ಲಿ ಬಿರುಕು ತೆರೆದರು. ಕೂದಲೆಳೆಯಂತೆ ಶುರುವಾಗಿ ಅಗಲವಾಗುತ್ತಾ 167 ಮೀಟರ್ ಉದ್ದ ಸಾಗುವ ಬಿರುಕು. ಹೆಸರು 'ಶಿಬ್ಬೊಲೆತ್'. ಗಡಿಯ ಆಚೆ ಉಳಿದವರ, ವರ್ಣಭೇದ ಉಂಡವರ ಅನುಭವ ಅದರಲ್ಲಿತ್ತು. ಪ್ರದರ್ಶನ ಮುಗಿದ ಮೇಲೆ ಬಿರುಕನ್ನು ಮುಚ್ಚಿದರು. ಗಾಯದ ಕಲೆಯಂತೆ ಅದರ ಗೆರೆ ನೆಲದಲ್ಲಿ ಉಳಿಯಿತು.

ಇನ್ನು ಬಳಕೆ. ಉಚ್ಚಾರದಲ್ಲಿ ಒತ್ತು ಮೊದಲ 'ಶಿ' ಮೇಲೆ. ನಡುವಿನ 'ಬೊ' ತೀರಾ ಮೆಲ್ಲಗೆ, ಹೆಚ್ಚುಕಡಿಮೆ 'ಬ' ಎಂದೇ ಕೇಳಿಸುತ್ತದೆ. ಬಹುವಚನಕ್ಕೆ ಕೊನೆಯಲ್ಲಿ 'ಸ್' ಸೇರಿಸಿದರೆ ಸಾಕು. ಹೊಗಳುವಾಗ ಈ ಪದ ಬಳಸಬೇಡಿ. ಒಬ್ಬರ ನಂಬಿಕೆಯನ್ನು ಶಿಬ್ಬೊಲೆತ್ ಎಂದರೆ 'ಇದನ್ನು ನೀವು ಯೋಚಿಸಿ ಹೇಳುತ್ತಿಲ್ಲ' ಎಂದಂತೆ. ನಿನ್ನೆ ಮೊನ್ನೆ ಹುಟ್ಟಿದ ಘೋಷಣೆಗೂ ಇದು ಹೊಂದುವುದಿಲ್ಲ. ಒಂದು ಗುಂಪು ಅದನ್ನು ತನ್ನ ಗುರುತಾಗಿ ಮಾಡಿಕೊಂಡಿರಬೇಕು. ಎಲ್ಲರೂ ಆಡುವ ಸವಕಲು ಮಾತಿಗೂ ಬೇಡ. ಅದರಿಂದ ಯಾರ ಕಡೆಯೂ ಗೊತ್ತಾಗುವುದಿಲ್ಲವಲ್ಲ.

ಕನ್ನಡಕ್ಕೆ ತರುವಾಗ ಒಂದೇ ಪದ ಹುಡುಕುತ್ತಾ ಕೂರಬೇಡಿ. ಮೊದಲ ಸಲ ಈ ಪದ ಎದುರಾದಾಗ ನಾನೂ ನಿಘಂಟು ನಂಬಿ 'ಗುರುತಿನ ಮಾತು' ಎಂದು ಎಲ್ಲ ಕಡೆ ಹಾಕಿದ್ದೆ. ಕರಡು ಓದಿದ ಹಿರಿಯ ಸಂಪಾದಕರು ಪಕ್ಕದಲ್ಲಿ 'ಯಾರ ಗುರುತು? ಯಾಕೆ ಬಿಡಬೇಕು?' ಎಂದು ಬರೆದು ವಾಪಸ್ ಕೊಟ್ಟರು. ಆ ಎರಡು ಪ್ರಶ್ನೆಗಳನ್ನು ಇವತ್ತಿಗೂ ಬಳಸುತ್ತೇನೆ. ಉಚ್ಚಾರದ ಸಂದರ್ಭವಾದರೆ 'ನಾಲಿಗೆಯ ಪರೀಕ್ಷೆ' ಅನ್ನಬಹುದು. ವರ್ಗ, ಓದು, ಊರು ತೋರಿಸುವ ಪದವಾದರೆ 'ಗುರುತಿನ ನುಡಿ' ಸರಿ. ಪಕ್ಷ, ಸಿದ್ಧಾಂತದ ಮಾತಾದರೆ 'ಸವೆದ ಮಂತ್ರ' ಅಥವಾ 'ಬಾಯಿಪಾಠದ ನಂಬಿಕೆ'. 'ಹಾಡಿದ್ದೇ ಹಾಡೋ ಕಿಸಬಾಯಿ ದಾಸ' ಎಂಬ ಗಾದೆ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಮತ್ತೆ ಮತ್ತೆ ಹೇಳುವ ಚಾಳಿಯಷ್ಟೇ ಇದೆ, ಗುಂಪು ಇಲ್ಲ. 'ಒರೆಗಲ್ಲು' ಎಂದು ಮಾಡಿದ್ದನ್ನೂ ನೋಡಿದ್ದೇನೆ. ಅದು ಬೇಡ. ಒರೆಗಲ್ಲು ಚಿನ್ನದ ಗುಣ ಹೇಳುತ್ತದೆ. ಶಿಬ್ಬೊಲೆತ್ ಗುಣ ಕೇಳುವುದೇ ಇಲ್ಲ, ಯಾರ ಪೆಟ್ಟಿಗೆಯ ಚಿನ್ನ ಎಂದಷ್ಟೇ ಕೇಳುತ್ತದೆ.

ನಿಮ್ಮ ಸಂಪಾದಕೀಯದ ಸಾಲನ್ನು ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: 'ಅರ್ಥಶಾಸ್ತ್ರದ ಹೆಸರಲ್ಲಿ ತಲೆಮಾರಿನಿಂದ ಬಾಯಿಪಾಠ ಮಾಡಿಕೊಂಡು ಬಂದ ಸವೆದ ಮಂತ್ರಗಳನ್ನು ಸರ್ಕಾರಗಳು ಇನ್ನಾದರೂ ಬಿಡಬೇಕು.' ಯೊರ್ದನ್ ಹೊಳೆಯ ಪ್ರಸಂಗ ಬರುವ ಬರಹವಾದರೆ ಮಾತ್ರ ಪದವನ್ನು ಮುಟ್ಟಬೇಡಿ, 'ಶಿಬ್ಬೊಲೆತ್' ಎಂದೇ ಬಿಡಿ. ಕನ್ನಡದಲ್ಲಿ ಶ, ಸ ಎರಡೂ ಅಕ್ಷರ ಇವೆ. ಓದುಗರು ಎರಡನ್ನೂ ಬಾಯಲ್ಲಿ ಆಡಿ ನೋಡುತ್ತಾರೆ.